ಗಿಟಾರಿಗೆ ಧ್ವನಿ ಕೊಟ್ಟ ಚಾರ್ಲಿ ಕ್ರಿಶ್ಚಿಯನ್

ಮರದ ಒಡಲಿನ ಗಿಟಾರಿನದು ಮೆಲುದನಿ. ಪಡಸಾಲೆಯಲ್ಲಿ ಇಂಪಾಗಿ ಕೇಳುವ ಆ ನಾದ ಟ್ರಂಪೆಟ್, ಸ್ಯಾಕ್ಸೋಫೋನ್, ಡ್ರಮ್‌ಗಳ ಅಬ್ಬರದಲ್ಲಿ ಕರಗಿಹೋಗುತ್ತದೆ. 1930ರ ದಶಕದ ಅಮೆರಿಕದ ಜಾಝ್ ವೃಂದಗಳಲ್ಲಿ ಗಿಟಾರ್ ವಾದಕನಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ಲಯ ಹಿಡಿಯುವ ಕೆಲಸವಷ್ಟೇ. ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಅಗ್ರಗಣ್ಯನಾದವನು, ಕೇವಲ 25 ವರ್ಷ ಬದುಕಿದ ಚಾರ್ಲಿ ಕ್ರಿಶ್ಚಿಯನ್.

1916ರಲ್ಲಿ ಟೆಕ್ಸಾಸ್‌ನ ಬಾನಮ್‌ನಲ್ಲಿ ಹುಟ್ಟಿದ ಈ ಕಪ್ಪುವರ್ಣೀಯ ಕಲಾವಿದ ಬೆಳೆದದ್ದು ಓಕ್ಲಹಾಮಾ ನಗರದಲ್ಲಿ. ತಂದೆ ಅಂಧ ಸಂಗೀತಗಾರ. ಬೀದಿಯಲ್ಲಿ ನುಡಿಸಿ ಕಾಸು ಗಳಿಸುತ್ತಿದ್ದ ಬಡ ಕುಟುಂಬ.

ಗಿಟಾರಿನ ಮುಂದೆ ಮೈಕ್ ಇಟ್ಟರೆ ಅದು ಪಕ್ಕದ ವಾದ್ಯಗಳ ಸದ್ದನ್ನೂ ಹಿಡಿಯುತ್ತದೆ. ಧ್ವನಿವರ್ಧಕದ ಸದ್ದು ಮತ್ತೆ ಮೈಕಿಗೆ ಹೊಕ್ಕರೆ ಕೂಗತೊಡಗುತ್ತದೆ. ಗಿಬ್ಸನ್ ಕಂಪನಿ 1936ರಲ್ಲಿ ಹೊರತಂದ ಇಎಸ್-150 ಗಿಟಾರಿನಲ್ಲಿ ಬೇರೆ ದಾರಿಯಿತ್ತು. ತಂತಿಗಳ ಕೆಳಗಿನ ಅಯಸ್ಕಾಂತ ಮತ್ತು ತಾಮ್ರದ ಸುರುಳಿ, ಉಕ್ಕಿನ ತಂತಿಯ ಕಂಪನವನ್ನು ನೇರವಾಗಿ ವಿದ್ಯುತ್ ಸಂಕೇತವಾಗಿಸುತ್ತಿದ್ದವು. ಆದರೂ ಟೊಳ್ಳು ಒಡಲು ಹೆಚ್ಚು ಸದ್ದಿಗೆ ತಾನೇ ಅದುರುತ್ತಿತ್ತಾದ್ದರಿಂದ ಹಿತಮಿತ ಅಗತ್ಯವಾಗಿತ್ತು.

ಎಡ್ಡೀ ಡರ್ಹ್ಯಾಮ್‌ನಂಥವರು ಆತನಿಗಿಂತ ಮೊದಲೇ ವಿದ್ಯುತ್ ಗಿಟಾರ್ ನುಡಿಸಿದ್ದರು. ಆದರೆ ಕ್ರಿಶ್ಚಿಯನ್ ಅದರಲ್ಲಿ ಕಂಡದ್ದು ಬರಿಯ ಸದ್ದಿನ ಹೆಚ್ಚಳವನ್ನಲ್ಲ, ಸ್ಯಾಕ್ಸೋಫೋನಿನಂತೆ ಒಂದೊಂದೇ ಸ್ವರ ಪೋಣಿಸಿ ಉದ್ದದ ಮಾತಾಡುವ ಸಾಧ್ಯತೆಯನ್ನು. 1939ರಲ್ಲಿ ಜಾನ್ ಹ್ಯಾಮಂಡ್ ಒತ್ತಾಸೆಯಿಂದ ಆತ ಬೆನ್ನಿ ಗುಡ್‌ಮನ್ ತಂಡ ಸೇರಿದ. ವರ್ಣಭೇದ ಬಿಗಿಯಾಗಿದ್ದ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ. ಕೆಲಸ ಮುಗಿದ ರಾತ್ರಿಗಳಲ್ಲಿ ಹಾರ್ಲೆಮ್‌ನ ಮಿಂಟನ್ಸ್ ಕ್ಲಬ್ಬಿನಲ್ಲಿ ನುಡಿಸುತ್ತ, ಮುಂದೆ ಬೀಬಾಪ್ ಎನಿಸಿದ ಶೈಲಿಗೂ ನೆರವಾದ. ಕ್ಷಯರೋಗ ಬೆನ್ನು ಬಿಡಲಿಲ್ಲ. 1942ರ ಮಾರ್ಚ್ 2ರಂದು ನ್ಯೂಯಾರ್ಕಿನ ಸ್ಟ್ಯಾಟನ್ ಐಲ್ಯಾಂಡ್‌ನ ಆರೋಗ್ಯಧಾಮದಲ್ಲಿ ಆತ ತೀರಿಕೊಂಡ. ದೇಶವ್ಯಾಪಿ ಖ್ಯಾತಿಯ ಅವಧಿ ಎರಡು ವರ್ಷವೂ ತುಂಬಿರಲಿಲ್ಲ. ಆ ಧ್ವನಿಗ್ರಾಹಕಕ್ಕೆ ಇಂದಿಗೂ ಆತನದೇ ಹೆಸರು.

ಇಂದು ಅಕೂಸ್ಟಿಕ್-ಎಲೆಕ್ಟ್ರಿಕ್ ಗಿಟಾರುಗಳಲ್ಲಿ ತಂತಿಯ ಕುದುರೆಯಡಿಯೇ ಪೀಜೋ ಪಟ್ಟಿ ಅಡಗಿರುತ್ತದೆ. ನಮ್ಮ ವೀಣೆಗಳಿಗೂ ಕಾಂಟ್ಯಾಕ್ಟ್ ಮೈಕ್ ಅಂಟಿದೆ. ಸದ್ದು ದೊಡ್ಡದಾದರೂ ನಾದ ಕರ್ಕಶವಾಯಿತೆಂಬ ಕೊರಗು ಮಾತ್ರ ಉಳಿದಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಪರಿಚಿತ ಪಾಠ: ಉಪಕರಣದ ಬೆಲೆಯನ್ನು ಮಾರುಕಟ್ಟೆ ಹೇಳುತ್ತದೆ, ಮೌಲ್ಯವನ್ನು ಬಳಸುವ ಕೈ ತೋರಿಸುತ್ತದೆ. ಯಂತ್ರ ಹಿಗ್ಗಿಸುವುದು ಬೆರಳಿನಲ್ಲಿ ಇರುವುದನ್ನಷ್ಟೇ. ಕ್ರಿಶ್ಚಿಯನ್ನನ ಬೆರಳಿನಲ್ಲಿ ಹೇಳಲು ಮಾತಿತ್ತು. ಅದಕ್ಕೇ ಜಗತ್ತು ಕಿವಿಗೊಟ್ಟಿತು.