ಸಚಿನ್ ನಾಗ್

ಸಚಿನ್ ನಾಗ್ (5 ಜುಲೈ 1920 – 19 ಆಗಸ್ಟ್ 1987) ಭಾರತದ ಈಜುಗಾರರು, ವಾಟರ್ ಪೋಲೊ ಆಟಗಾರರು ಹಾಗೂ ಈಜು ತರಬೇತುದಾರರು. 1951ರಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ 100 ಮೀಟರ್ ಫ್ರೀಸ್ಟೈಲ್ ಸ್ಪರ್ಧೆಯನ್ನು ಗೆದ್ದರು. ಇದನ್ನು ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ದೊರೆತ ಮೊದಲ ಚಿನ್ನದ ಪದಕವೆಂದು ಪರಿಗಣಿಸಲಾಗಿದೆ. ಆ ಕೂಟದ ಈಜು ಸ್ಪರ್ಧೆಗಳಲ್ಲಿ ಚಿನ್ನ ಗೆದ್ದ ಏಕೈಕ ಭಾರತೀಯರೂ ಅವರೇ.

ಆರಂಭಿಕ ಜೀವನ

ಸಚಿನ್ ನಾಗ್ ವಾರಾಣಸಿಯಲ್ಲಿ ಜನಿಸಿದರು. ಗಂಗಾ ನದಿಯೇ ಅವರ ಮೊದಲ ಈಜುಕೊಳವಾಗಿತ್ತು. ಹತ್ತು ವರ್ಷದ ಬಾಲಕನಾಗಿದ್ದಾಗ, ಸ್ವಾತಂತ್ರ್ಯ ಹೋರಾಟದ ಸಭೆಯೊಂದನ್ನು ಪೊಲೀಸರು ಚದುರಿಸಿದ ವೇಳೆ ತಪ್ಪಿಸಿಕೊಳ್ಳಲು ನದಿಗೆ ಹಾರಿದರೆಂದೂ, ಅಲ್ಲಿ ನಡೆಯುತ್ತಿದ್ದ ದೂರದ ಈಜು ಸ್ಪರ್ಧೆಯಲ್ಲಿ ಸೇರಿಕೊಂಡು ಮೂರನೆಯವರಾಗಿ ದಡ ಮುಟ್ಟಿದರೆಂದೂ ಹೇಳಲಾಗುತ್ತದೆ. ಅವರ ಪ್ರತಿಭೆಯನ್ನು ಗುರುತಿಸಿದ ತರಬೇತುದಾರ ಜಾಮಿನಿ ದಾಸ್ ಅವರನ್ನು ಕಲ್ಕತ್ತಾಕ್ಕೆ (ಇಂದಿನ ಕೋಲ್ಕತ್ತ) ಕರೆತಂದು ಹಟ್ಖೋಲಾ ಕ್ಲಬ್ಬಿಗೆ ಸೇರಿಸಿದರು. ನದಿಯಲ್ಲಿ ದೂರ ಈಜಿ ಪಳಗಿದ್ದ ನಾಗ್ ಇಲ್ಲಿ ಅಲ್ಪ ದೂರದ ವೇಗದ ಈಜಿನಲ್ಲಿ ಪರಿಣತಿ ಪಡೆದರು.

ಗುಂಡೇಟು ಮತ್ತು ಲಂಡನ್ ಒಲಿಂಪಿಕ್ಸ್

1947ರ ಆಗಸ್ಟ್‌ನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ದಿನಗಳಿರುವಾಗ, ಕಲ್ಕತ್ತಾದ ಗಲಭೆಯ ನಡುವೆ ನಾಗ್ ಅವರ ಕಾಲಿಗೆ ಗುಂಡು ತಗುಲಿತು. ಅವರು ಹಲವು ತಿಂಗಳು ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು. ಈಜುಗಾರನ ವೇಗಕ್ಕೆ ಕೈಗಳಷ್ಟೇ ಕಾಲುಗಳ ಬಡಿತವೂ ಮುಖ್ಯವಾದುದರಿಂದ ಈ ಗಾಯ ಅವರ ಕ್ರೀಡಾಜೀವನವನ್ನೇ ಅಪಾಯಕ್ಕೊಡ್ಡಿತ್ತು. ಆದರೂ ಚೇತರಿಸಿಕೊಂಡ ಅವರು, ಒಂದು ವರ್ಷದೊಳಗೆ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತವನ್ನು ಪ್ರತಿನಿಧಿಸಿದರು. 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಪ್ರಾಥಮಿಕ ಸುತ್ತನ್ನು ದಾಟಲಾಗಲಿಲ್ಲ. ವಾಟರ್ ಪೋಲೊದಲ್ಲಿ ಅವರಿದ್ದ ಭಾರತ ತಂಡವು ಚಿಲಿ ತಂಡವನ್ನು ಮಣಿಸಿತು.

1951ರ ಏಷ್ಯನ್ ಕ್ರೀಡಾಕೂಟ

ಮೊದಲ ಏಷ್ಯನ್ ಕ್ರೀಡಾಕೂಟವನ್ನು 1950ರಲ್ಲಿ ನಡೆಸಲು ಉದ್ದೇಶಿಸಲಾಗಿತ್ತು. ಸಿದ್ಧತೆಯ ವಿಳಂಬದಿಂದ ಅದು 1951ರ ಮಾರ್ಚ್ 4ರಿಂದ 11ರವರೆಗೆ ನಡೆಯಿತು. ಸ್ವಾತಂತ್ರ್ಯ ಪಡೆದು ನಾಲ್ಕು ವರ್ಷವೂ ತುಂಬದ ದೇಶವು ಹನ್ನೊಂದು ರಾಷ್ಟ್ರಗಳ ಕ್ರೀಡಾಪಟುಗಳಿಗೆ ಆತಿಥ್ಯ ನೀಡಿದ್ದರಿಂದ, ತವರಿನ ಪ್ರತಿಯೊಂದು ಗೆಲುವಿಗೂ ವಿಶೇಷ ಮಹತ್ವವಿತ್ತು.

ನಾಗ್ 100 ಮೀಟರ್ ಫ್ರೀಸ್ಟೈಲ್ ಅನ್ನು 1 ನಿಮಿಷ 4.7 ಸೆಕೆಂಡುಗಳಲ್ಲಿ ಪೂರೈಸಿ ಚಿನ್ನ ಗೆದ್ದರು. 4×100 ಮೀಟರ್ ಫ್ರೀಸ್ಟೈಲ್ ರಿಲೇ ಮತ್ತು 3×100 ಮೀಟರ್ ಮೆಡ್ಲೆ ರಿಲೇಗಳಲ್ಲಿ ಕಂಚು ಪಡೆದ ಭಾರತ ತಂಡಗಳಲ್ಲಿಯೂ ಅವರಿದ್ದರು. ಬಟರ್‌ಫ್ಲೈ ಆಗ ಪ್ರತ್ಯೇಕ ಶೈಲಿಯಾಗಿರದ ಕಾರಣ ಮೆಡ್ಲೆ ರಿಲೇಯಲ್ಲಿ ಮೂವರಷ್ಟೇ ಈಜುತ್ತಿದ್ದರು. ವಾಟರ್ ಪೋಲೊದಲ್ಲಿ ಭಾರತ ಚಿನ್ನ ಗೆದ್ದಾಗ ನಾಗ್ ಆ ತಂಡದ ಸದಸ್ಯರಾಗಿದ್ದರು. ಡೈವಿಂಗ್‌ನ ಎರಡು ಚಿನ್ನಗಳನ್ನು ಕೆ. ಪಿ. ಠಕ್ಕರ್ ಗೆದ್ದುದರಿಂದ ಜಲಕ್ರೀಡೆಗಳಲ್ಲಿ ಭಾರತದ ಚಿನ್ನಗಳ ಸಂಖ್ಯೆ ನಾಲ್ಕಕ್ಕೇರಿತು. ಒಟ್ಟಾರೆ 15 ಚಿನ್ನ ಸೇರಿ 51 ಪದಕಗಳೊಂದಿಗೆ ಭಾರತವು ಜಪಾನ್ ನಂತರದ ಎರಡನೆಯ ಸ್ಥಾನ ಪಡೆಯಿತು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ವಾಟರ್ ಪೋಲೊ ತಂಡದಲ್ಲಿಯೂ ನಾಗ್ ಆಡಿದರು.

ತರಬೇತುದಾರರಾಗಿ

ಹಟ್ಖೋಲಾ ಕ್ಲಬ್ಬಿನಲ್ಲಿ ಬಾಲ್ಯದಲ್ಲೇ ಈಜು ಕಲಿಯಲು ಬಂದ ಆರತಿ ಸಾಹಾ ಅವರ ಪ್ರತಿಭೆಯನ್ನು ನಾಗ್ ಗುರುತಿಸಿ ಬೆಳೆಸಿದರು. ಆರತಿ 1952ರ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದರು. 1959ರ ಸೆಪ್ಟೆಂಬರ್ 29ರಂದು ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಏಷ್ಯಾದ ಮೊದಲ ಮಹಿಳೆ ಎನಿಸಿ, 1960ರಲ್ಲಿ ಪದ್ಮಶ್ರೀ ಪುರಸ್ಕೃತರಾದರು.

ನಿಧನ ಮತ್ತು ಮನ್ನಣೆ

ನಾಗ್ ಅವರು 1987ರ ಆಗಸ್ಟ್ 19ರಂದು ನಿಧನರಾದರು. ಅವರ ಚಿನ್ನದ ಸಾಧನೆಯ ಕಾಲಕ್ಕೆ ಅರ್ಜುನ ಪ್ರಶಸ್ತಿ ಇರಲಿಲ್ಲ. ಅದು ಸ್ಥಾಪನೆಯಾದದ್ದು 1961ರಲ್ಲಿ. ಶಿಷ್ಯೆಗೆ ಪದ್ಮಶ್ರೀ ಸಂದು ಆರು ದಶಕಗಳಾದ ಮೇಲೆ, 2020ರಲ್ಲಿ, ಗುರುವಿಗೆ ಮರಣೋತ್ತರವಾಗಿ ಧ್ಯಾನ್‌ಚಂದ್ ಪ್ರಶಸ್ತಿಯನ್ನು ನೀಡಲಾಯಿತು.

ಏಷ್ಯನ್ ಕ್ರೀಡಾಕೂಟದ ಈಜಿನಲ್ಲಿ 1951ರ ನಂತರ ಭಾರತಕ್ಕೆ ಮುಂದಿನ ಪದಕ ದೊರೆತದ್ದು 1986ರ ಸೋಲ್ ಕೂಟದಲ್ಲಿ. ಖಜಾನ್ ಸಿಂಗ್ 200 ಮೀಟರ್ ಬಟರ್‌ಫ್ಲೈನಲ್ಲಿ ಬೆಳ್ಳಿ ಗೆದ್ದರು. 2010ರಲ್ಲಿ ವೀರಧವಳ್ ಖಾಡೆ, 2014ರಲ್ಲಿ ಸಂದೀಪ್ ಸೇಜ್ವಾಲ್ ಕಂಚು ಪಡೆದರು. 2023ರಲ್ಲಿ ನಡೆದ ಹ್ಯಾಂಗ್‌ಝೌ ಕೂಟದ ಅಂತ್ಯದವರೆಗೆ ಬೇರಾವ ಭಾರತೀಯ ಈಜುಗಾರರೂ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿರಲಿಲ್ಲ.