ಚಾರ್ಲ್ಸ್ ಅಗಸ್ಟಿನ್ ಡಿ ಕೂಲಮ್ (1736–1806): ವಿದ್ಯುದಾವೇಶದ ಮಾನಕ್ಕೆ ಹೆಸರಾದ ಎಂಜಿನಿಯರ್

ವಿಜಯಪುರ ಜಿಲ್ಲೆಯ ಹಲಸಂಗಿಯಂತಹ ಗ್ರಾಮಗಳಲ್ಲಿ ಸೌರದೀಪ ಅಥವಾ ಯುಪಿಎಸ್ ಅಳವಡಿಸಿಕೊಳ್ಳುವ ಸಾರ್ವಜನಿಕರು ಬ್ಯಾಟರಿಯ ಸಾಮರ್ಥ್ಯವನ್ನು ಸರಿಯಾಗಿ ಅರಿತಿರುವುದು ಅವಶ್ಯಕ. ಯುಪಿಎಸ್ ಬ್ಯಾಟರಿಯ ಮೇಲೆ ಆಂಪಿಯರ್-ಗಂಟೆ, ಮೊಬೈಲ್ ಬ್ಯಾಟರಿಯ ಮೇಲೆ ಮಿಲಿಆಂಪಿಯರ್-ಗಂಟೆ, ಶಾಲಾ ಪಠ್ಯದಲ್ಲಿ ಕೂಲಮ್ ಎಂದು ಕಾಣುವ ಮೂರೂ ವಿದ್ಯುದಾವೇಶದ ಅಳತೆಗಳೇ ಆಗಿವೆ. ಕೊನೆಯದು ಒಬ್ಬ ಸರ್ಕಾರಿ ಎಂಜಿನಿಯರ್‌ರ ಹೆಸರು.

ಕೂಲಮ್ ಅವರು 1736ರ ಜೂನ್ 14ರಂದು ಫ್ರಾನ್ಸ್ ದೇಶದ ಆಂಗುಲೆಮ್ ಪಟ್ಟಣದಲ್ಲಿ ಜನಿಸಿದರು. ಮೆಜಿಯೇರ್‌ನ ಸೇನಾ ಎಂಜಿನಿಯರಿಂಗ್ ಶಾಲೆಯಲ್ಲಿ 1761ರಲ್ಲಿ ವ್ಯಾಸಂಗ ಪೂರೈಸಿ ಸರ್ಕಾರಿ ಸೇವೆಗೆ ಸೇರಿದರು. 1764ರಿಂದ 1772ರವರೆಗೆ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ನಿರ್ಮಾಣದ ಮೇಲ್ವಿಚಾರಣೆ ನಡೆಸಿದರು. ಅಲ್ಲಿ ಕೆಟ್ಟ ಅವರ ಆರೋಗ್ಯ ಮತ್ತೆ ಪೂರ್ಣವಾಗಿ ಸುಧಾರಿಸಲಿಲ್ಲ.

ಬ್ರಿಟನಿ ಪ್ರಾಂತ್ಯದ ಕಾಲುವೆ ಯೋಜನೆಯ ಪರಿಶೀಲನೆಯನ್ನು ಸರ್ಕಾರವು ಅವರಿಗೆ ವಹಿಸಿತ್ತು. ಯೋಜನೆ ವೆಚ್ಚಕ್ಕೆ ತಕ್ಕ ಫಲ ನೀಡದೆಂದು ಅವರು ವರದಿ ಮಾಡಿದರು. ಈ ಪ್ರಕರಣದಲ್ಲಿ ಮೇಲಧಿಕಾರಿಗಳ ಅಸಮಾಧಾನಕ್ಕೆ ಗುರಿಯಾಗಿ 1783ರಲ್ಲಿ ಒಂದು ವಾರ ಸೆರೆವಾಸ ಅನುಭವಿಸಬೇಕಾಯಿತು. ವರದಿ ಸರಿಯೆಂದು ಮನಗಂಡ ಪ್ರಾಂತ್ಯದವರು ನಂತರ ಬಹುಮಾನ ನೀಡಲು ಮುಂದಾದಾಗ, ಪ್ರಯೋಗಗಳಿಗೆ ಉಪಯುಕ್ತವಾದ ಸೆಕೆಂಡು ತೋರಿಸುವ ಗಡಿಯಾರವೊಂದನ್ನು ಮಾತ್ರ ಸ್ವೀಕರಿಸಿದರೆಂದು ಅವರ ಜೀವನ ಚರಿತ್ರೆಗಳು ತಿಳಿಸುತ್ತವೆ.

1785ರಲ್ಲಿ ತೆಳುವಾದ ತಂತಿಯ ತಿರುಚುವಿಕೆಯಿಂದ ಅತಿ ಸಣ್ಣ ಬಲವನ್ನು ಅಳೆಯುವ ತಕ್ಕಡಿಯ ನೆರವಿನಿಂದ, ಆವೇಶಗಳ ನಡುವಿನ ದೂರ ಎರಡು ಪಟ್ಟಾದರೆ ಬಲವು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುವುದೆಂದು ತೋರಿಸಿಕೊಟ್ಟರು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, ಹೊಸ ತೂಕ ಮತ್ತು ಅಳತೆಗಳನ್ನು ರೂಪಿಸುತ್ತಿದ್ದ ಆಯೋಗದಿಂದ ಅವರನ್ನು 1793ರಲ್ಲಿ ತೆಗೆದುಹಾಕಲಾಯಿತು. ಅದೇ ಆದೇಶದಲ್ಲಿ ಹೊರಬಿದ್ದ ಲವಾಸಿಯೇ ಮರುವರ್ಷ ಮರಣದಂಡನೆಗೆ ಒಳಗಾದರು. ಕೂಲಮ್ ಬ್ಲ್ವಾ ಬಳಿಯ ತಮ್ಮ ಮನೆಗೆ ಸರಿದು ಉಳಿದುಕೊಂಡರು. ಮುಂದೆ ಪ್ಯಾರಿಸ್‌ಗೆ ಹಿಂದಿರುಗಿ 1806ರ ಆಗಸ್ಟ್ 23ರಂದು ಅಲ್ಲಿಯೇ ನಿಧನರಾದರು. ಅಳತೆಯ ಆಯೋಗಕ್ಕೆ ಬೇಡವಾದವರ ಹೆಸರನ್ನೇ 1881ರ ಪ್ಯಾರಿಸ್ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ಅಳತೆಗೆ ಇಟ್ಟಿತು.

ಒಂದು ಆಂಪಿಯರ್ ವಿದ್ಯುತ್ ಒಂದು ಸೆಕೆಂಡು ಹರಿದರೆ ಒಂದು ಕೂಲಮ್. ಗಂಟೆಗೆ 3600 ಸೆಕೆಂಡುಗಳಿರುವುದರಿಂದ 1 ಆಂಪಿಯರ್-ಗಂಟೆಯು 3600 ಕೂಲಮ್‌ಗೆ, 1 ಮಿಲಿಆಂಪಿಯರ್-ಗಂಟೆಯು 3.6 ಕೂಲಮ್‌ಗೆ ಸಮ. ಅದರಂತೆ 150 ಆಂಪಿಯರ್-ಗಂಟೆಯ ಬ್ಯಾಟರಿಯದು 5,40,000 ಕೂಲಮ್; 5000 ಮಿಲಿಆಂಪಿಯರ್-ಗಂಟೆಯ ಮೊಬೈಲ್ ಬ್ಯಾಟರಿಯದು 18,000 ಕೂಲಮ್.

ಖರೀದಿಸುವವರು ಅಂಕಿಯ ಗಾತ್ರವನ್ನಷ್ಟೇ ನೋಡಿ ಮೋಸಹೋಗಬಾರದು. 3.7 ವೋಲ್ಟ್‌ನ 20,000 ಮಿಲಿಆಂಪಿಯರ್-ಗಂಟೆಯ ಪವರ್ ಬ್ಯಾಂಕ್‌ನಲ್ಲಿರುವುದು 74 ವ್ಯಾಟ್-ಗಂಟೆ. ನೋಡಲು ಸಣ್ಣ ಅಂಕಿಯಾದ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 84 ವ್ಯಾಟ್-ಗಂಟೆ. ಆದುದರಿಂದ ಆಂಪಿಯರ್-ಗಂಟೆಯನ್ನು ವೋಲ್ಟ್‌ನಿಂದ ಗುಣಿಸಿ ಹೋಲಿಸತಕ್ಕದ್ದು. 150 ಆಂಪಿಯರ್-ಗಂಟೆಯ 12 ವೋಲ್ಟ್ ಬ್ಯಾಟರಿಯು ಈ ಲೆಕ್ಕದಲ್ಲಿ 1.8 ಯೂನಿಟ್. ಬ್ಯಾಟರಿಯ ಮೇಲೆ ಮುದ್ರಿತವಾಗಿರುವ ಸಿ10, ಸಿ20 ಎಂಬಲ್ಲಿನ ಅಕ್ಷರವು ಕೂಲಮ್ ಅಲ್ಲ. ಸಾಮರ್ಥ್ಯವನ್ನು 10 ಅಥವಾ 20 ಗಂಟೆಗಳಲ್ಲಿ ಬರಿದುಮಾಡಿ ಅಳೆಯಲಾಗಿದೆ ಎಂದು ಅದು ಸೂಚಿಸುತ್ತದೆ.