ಜೋನ್ ಕ್ರಾಫರ್ಡ್

ಜೋನ್ ಕ್ರಾಫರ್ಡ್ (ನಿಧನ: ಮೇ 10, 1977) ಅಮೆರಿಕದ ಚಲನಚಿತ್ರ ನಟಿ. ಮೂಕಿ ಚಿತ್ರಗಳ ಕಾಲದಲ್ಲಿ ಹಾಲಿವುಡ್ ಪ್ರವೇಶಿಸಿದ ಅವರು 1970ರವರೆಗೆ ಚಿತ್ರಗಳಲ್ಲಿ ನಟಿಸಿದರು. ‘ಮಿಲ್ಡ್ರೆಡ್ ಪಿಯರ್ಸ್’ (1945) ಚಿತ್ರದ ಅಭಿನಯಕ್ಕಾಗಿ ಅತ್ಯುತ್ತಮ ನಟಿ ಅಕಾಡೆಮಿ ಪ್ರಶಸ್ತಿ ಪಡೆದರು. ‘ಸಡನ್ ಫಿಯರ್’ (1952) ಅವರ ಪ್ರಮುಖ ರೋಮಾಂಚಕ ಚಿತ್ರಗಳಲ್ಲಿ ಒಂದು.

ಆರಂಭಿಕ ಜೀವನ

ಕ್ರಾಫರ್ಡ್ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊದಲ್ಲಿ ಮಾರ್ಚ್ 23ರಂದು ಜನಿಸಿದರು. ಜನ್ಮವರ್ಷದ ಬಗ್ಗೆ ಭಿನ್ನಾಭಿಪ್ರಾಯವಿದ್ದು, 1904ರಿಂದ 1908ರವರೆಗಿನ ವರ್ಷಗಳು ಉಲ್ಲೇಖಗೊಂಡಿವೆ. ಮೂಲ ಹೆಸರು ಲೂಸಿಲ್ ಫೇ ಲೆಸೂರ್. ತಂದೆ ಕುಟುಂಬವನ್ನು ತೊರೆದಿದ್ದರಿಂದ ಬಾಲ್ಯವನ್ನು ಬಡತನದಲ್ಲಿ ಕಳೆದರು. ಓದುತ್ತಿದ್ದ ವಸತಿ ಶಾಲೆಯಲ್ಲೇ ದುಡಿದು ಶಿಕ್ಷಣ ಪಡೆದರು. ನರ್ತಕಿಯಾಗಿದ್ದ ಅವರನ್ನು 1925ರಲ್ಲಿ ಎಂಜಿಎಂ ಸಂಸ್ಥೆ ನೇಮಿಸಿಕೊಂಡಿತು. ಪತ್ರಿಕೆಯೊಂದರ ಓದುಗರಿಗಾಗಿ ನಡೆಸಿದ ಸ್ಪರ್ಧೆಯ ಮೂಲಕ ಅವರಿಗೆ ಹೊಸ ಹೆಸರನ್ನು ಆರಿಸಲಾಯಿತು.

ವೃತ್ತಿಜೀವನ

‘ಅವರ್ ಡ್ಯಾನ್ಸಿಂಗ್ ಡಾಟರ್ಸ್’ (1928) ಚಿತ್ರ ಅವರನ್ನು ತಾರೆಯನ್ನಾಗಿಸಿತು. ಆದರೆ 1938ರಲ್ಲಿ ಸ್ವತಂತ್ರ ಚಿತ್ರಮಂದಿರಗಳ ಮಾಲೀಕರು, ಗಲ್ಲಾಪೆಟ್ಟಿಗೆಗೆ ಹೊರೆಯಾದವರೆಂದು ಪ್ರಕಟಿಸಿದ ತಾರೆಯರ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. 1943ರಲ್ಲಿ ಎಂಜಿಎಂ ಬಿಟ್ಟು ವಾರ್ನರ್ ಬ್ರದರ್ಸ್ ಸೇರಿದ ಅವರು, ‘ಮಿಲ್ಡ್ರೆಡ್ ಪಿಯರ್ಸ್’ ಮೂಲಕ ಮತ್ತೆ ಮುಂಚೂಣಿಗೆ ಬಂದರು. 1952ರಲ್ಲಿ ಆ ಸಂಸ್ಥೆಯಿಂದಲೂ ಹೊರಬಂದರು.

ಸಡನ್ ಫಿಯರ್

ಸಂಸ್ಥೆಯ ಆಸರೆಯಿಲ್ಲದ ಈ ಹಂತದಲ್ಲಿ ಕ್ರಾಫರ್ಡ್ ಒಪ್ಪಿಕೊಂಡ ಚಿತ್ರ ‘ಸಡನ್ ಫಿಯರ್’. ನಿಗದಿತ ಸಂಭಾವನೆಯ ಬದಲು ಅವರು ಲಾಭದಲ್ಲಿ ಪಾಲು ಪಡೆದರು. ಎಡ್ನಾ ಶೆರ್ರಿಯವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರವನ್ನು ಡೇವಿಡ್ ಮಿಲ್ಲರ್ ನಿರ್ದೇಶಿಸಿದರು. ಆರ್‌ಕೆಒ ಸಂಸ್ಥೆ ಬಿಡುಗಡೆ ಮಾಡಿತು.

ಸ್ಯಾನ್ ಫ್ರಾನ್ಸಿಸ್ಕೊದ ಶ್ರೀಮಂತ ನಾಟಕಕಾರ್ತಿ ಮೈರಾ ಹಡ್ಸನ್, ತಾನೇ ಹಿಂದೆ ತನ್ನ ನಾಟಕದಿಂದ ಕೈಬಿಟ್ಟಿದ್ದ ನಟನನ್ನು ವಿವಾಹವಾಗುತ್ತಾಳೆ. ಅವನೂ ಅವನ ಪ್ರೇಯಸಿಯೂ ಸೇರಿ ಆಕೆಯ ಕೊಲೆಗೆ ಹೂಡಿದ ಸಂಚು, ಕೋಣೆಯಲ್ಲಿ ಚಾಲನೆಯಲ್ಲಿದ್ದ ಧ್ವನಿಮುದ್ರಣ ಯಂತ್ರದಲ್ಲಿ ದಾಖಲಾಗಿರುತ್ತದೆ. ಅದನ್ನು ಬಚ್ಚಿಡುವ ಆತುರದಲ್ಲಿ ಮುದ್ರಿಕೆ ಒಡೆದುಹೋಗಿ, ಇದ್ದ ಏಕೈಕ ಸಾಕ್ಷ್ಯವೂ ನಾಶವಾಗುತ್ತದೆ. ಮೈರಾ ಆಗ ನಾಟಕ ಹೆಣೆಯುವ ತನ್ನ ಬುದ್ಧಿಯಿಂದಲೇ ಪ್ರತಿತಂತ್ರ ರೂಪಿಸುತ್ತಾಳೆ. ಧ್ವನಿಮುದ್ರಣವನ್ನು ಕೇಳುವ ದೀರ್ಘ ದೃಶ್ಯದಲ್ಲಿ ಕ್ರಾಫರ್ಡ್ ಹೆಚ್ಚಾಗಿ ಮುಖಭಾವದಿಂದಲೇ ಅಭಿನಯಿಸಿದ್ದಾರೆ. ಮೂಕಿ ಚಿತ್ರಗಳಲ್ಲಿ ಪಡೆದ ಅನುಭವ ಇಲ್ಲಿ ನೆರವಿಗೆ ಬಂದಿದೆ.

ಚಿತ್ರ ನಾಲ್ಕು ಅಕಾಡೆಮಿ ನಾಮನಿರ್ದೇಶನಗಳನ್ನು ಪಡೆಯಿತು: ಅತ್ಯುತ್ತಮ ನಟಿ (ಕ್ರಾಫರ್ಡ್), ಪೋಷಕ ನಟ (ಜ್ಯಾಕ್ ಪ್ಯಾಲೆನ್ಸ್), ಕಪ್ಪು-ಬಿಳುಪು ಛಾಯಾಗ್ರಹಣ (ಚಾರ್ಲ್ಸ್ ಲ್ಯಾಂಗ್) ಮತ್ತು ವಸ್ತ್ರವಿನ್ಯಾಸ (ಶೀಲಾ ಓಬ್ರಿಯನ್). ಆ ವರ್ಷದ ನಟಿ ಪ್ರಶಸ್ತಿ ಶರ್ಲಿ ಬೂತ್ ಅವರಿಗೆ ಸಂದಿತು.

ಗೃಹ ವೀಡಿಯೊ ಬಿಡುಗಡೆ

‘ಸಡನ್ ಫಿಯರ್’ ಚಿತ್ರವನ್ನು ಕಿನೊ ಸಂಸ್ಥೆ ಡಿವಿಡಿ ರೂಪದಲ್ಲಿ ಹೊರತಂದಿತು. ಬಳಿಕ ಪುನಃಸ್ಥಾಪಿತ ಪ್ರತಿಯನ್ನು ಆಧರಿಸಿ ಕೋಹೆನ್ ಸಂಸ್ಥೆ 2016ರಲ್ಲಿ ಬ್ಲೂ-ರೇ ಆವೃತ್ತಿಯನ್ನು ಬಿಡುಗಡೆ ಮಾಡಿತು. ನೆರಳು-ಬೆಳಕಿನ ಸಂಯೋಜನೆಯಿಂದಲೇ ಭಯವನ್ನು ಮೂಡಿಸುವ ಈ ಚಿತ್ರದಲ್ಲಿ, ಕತ್ತಲ ಬೀದಿಗಳ ಬೆನ್ನಟ್ಟುವಿಕೆ ಹಾಗೂ ನಾಯಕಿಯ ಮುಖದ ಸೂಕ್ಷ್ಮ ಬದಲಾವಣೆಗಳನ್ನು ಗಮನಿಸಲು ಪ್ರತಿಯ ಸ್ಪಷ್ಟತೆ ಮುಖ್ಯವಾಗಿದೆ.

ನಂತರದ ವರ್ಷಗಳು ಮತ್ತು ನಿಧನ

1955ರಲ್ಲಿ ಕ್ರಾಫರ್ಡ್ ಪೆಪ್ಸಿ-ಕೋಲಾ ಸಂಸ್ಥೆಯ ಮುಖ್ಯಸ್ಥ ಆಲ್ಫ್ರೆಡ್ ಸ್ಟೀಲ್ ಅವರನ್ನು ವಿವಾಹವಾದರು. 1959ರಲ್ಲಿ ಅವರು ನಿಧನರಾದ ನಂತರ ಆ ಸಂಸ್ಥೆಯ ನಿರ್ದೇಶಕ ಮಂಡಳಿಯ ಸದಸ್ಯೆಯಾದರು. 1962ರಲ್ಲಿ ಬೆಟ್ಟಿ ಡೇವಿಸ್ ಜೊತೆ ‘ವಾಟ್ ಎವರ್ ಹ್ಯಾಪನ್ಡ್ ಟು ಬೇಬಿ ಜೇನ್?’ ಚಿತ್ರದಲ್ಲಿ ನಟಿಸಿದರು. ‘ಟ್ರಾಗ್’ (1970) ಅವರ ಕೊನೆಯ ಚಲನಚಿತ್ರ. ಅವರು ನ್ಯೂಯಾರ್ಕ್ ನಗರದಲ್ಲಿ ನಿಧನರಾದರು. ಮರುವರ್ಷ ದತ್ತುಪುತ್ರಿ ಕ್ರಿಸ್ಟಿನಾ ಪ್ರಕಟಿಸಿದ ‘ಮಮ್ಮಿ ಡಿಯರೆಸ್ಟ್’ ಕೃತಿ, ತಾಯಿಯಾಗಿ ಅವರ ನಡವಳಿಕೆಯನ್ನು ತೀವ್ರ ವಿವಾದಕ್ಕೆ ಒಳಪಡಿಸಿತು.